ಬೆಳೆದ ಬೆಲ್ಲ

ಬನಶಂಕರಿ ಎರಡನೇ ಹಂತದಲ್ಲಿ, ಆಕಾಶಮಲ್ಲಿಗೆಯ ಮರವೊಂದು ತಾರಸಿಯ ಮೇಲಕ್ಕೆ ಬಾಗಿದ ಮನೆಯಲ್ಲಿ, ಲಿಖಿತಾ ಎಂಬ ಹುಡುಗಿ ಬೆಳೆಯದೆ ಇರಲು ಪ್ರಯತ್ನಿಸುತ್ತಿದ್ದಳು. ಆ ಬೀದಿಯ ಹೆಂಗಸರು ಈ ಕಥೆಯನ್ನು ಇಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಅವಳ ಅಪ್ಪನ ಕೆಲಸ, ಓದುವ ಶಾಲೆ, ಗೆದ್ದ ಪದಕಗಳು ಎಲ್ಲ ಆಮೇಲೆ ಬರುವ ಮಾತು.

ಅವಳಿಗೆ ಹತ್ತು ತುಂಬುವುದರಲ್ಲಿತ್ತು. ಬಾಯಲ್ಲಿ ಇನ್ನೂ ಕೆಲವು ಹಾಲುಹಲ್ಲುಗಳಿದ್ದವು. ಜೆ.ಪಿ. ನಗರದ ಜಿಮ್ನಾಸ್ಟಿಕ್ಸ್ ಅಕಾಡೆಮಿಯೊಂದರಲ್ಲಿ ಅವಳಂತೆ ಗಾಳಿಯಲ್ಲಿ ಹೊರಳಬಲ್ಲ ಮಗು ಇನ್ನೊಂದಿರಲಿಲ್ಲ. ಕಿರಿದಾದ ಬೀಮಿನ ಮೇಲೆ ಓಡಿಬಂದು, ಕೈಯೂರಿ, ಪಲ್ಟಿ ಹೊಡೆದು ಅವಳು ನಿಂತರೆ, ಗೋಡೆಯ ಪಕ್ಕದಲ್ಲಿ ಕೂತ ತಾಯಂದಿರು ಮೊಬೈಲು ಬಿಟ್ಟು ತಲೆ ಎತ್ತುತ್ತಿದ್ದರು. ಅವಳ ತಾಯಿ ವಿಮಲಾ ಮಾತ್ರ ಆ ಕ್ಷಣಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಪಾದ ಊರಿದ ಸದ್ದು ಕೇಳಿದ ಮೇಲೆ ತೆರೆಯುತ್ತಿದ್ದಳು.

ಅಕಾಡೆಮಿಯ ಕೋಚ್ ವಸಿಷ್ಠ ಮಕ್ಕಳನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ಅಭ್ಯಾಸಕ್ಕೆ ಮೊದಲು ಮಕ್ಕಳು ಬರಿಗಾಲಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಬೇಕು. ತೂಕ ಏರದಿದ್ದರೆ ಗೋಡೆಯ ಹಲಗೆಯಲ್ಲಿ ಆ ಮಗುವಿನ ಹೆಸರಿನ ಮುಂದೆ ಒಂದು ಬಂಗಾರದ ಬಣ್ಣದ ಸ್ಟಾರು. ಏರಿದ್ದರೆ ಅವರು ಏನೂ ಅನ್ನದೆ ಮುಂದಿನ ಹೆಸರು ಕೂಗುತ್ತಿದ್ದರು, ಅಷ್ಟೆ. ಆ ದಿನ ಆ ಮಗು ಬೀಮು ಹತ್ತುವಂತಿಲ್ಲ. ಮೂಲೆಯಲ್ಲಿ ಮ್ಯಾಟುಗಳನ್ನು ಸುತ್ತಿಡಬೇಕು. ಲಿಖಿತಾಳ ಜೊತೆಯವಳು ಮೈತ್ರೇಯಿ ಒಂದು ಬೇಸಿಗೆ ಪೂರ್ತಿ ಮ್ಯಾಟು ಸುತ್ತಿದಳು. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ, ರಜೆಯಲ್ಲಿ ಬೆಳೆದಿದ್ದಳು. ಒಂದು ದಿನ ಬರುವುದನ್ನೇ ಬಿಟ್ಟಳು. ಹಲಗೆಯ ಮೇಲೆ ಅವಳ ಹೆಸರಿದ್ದ ಜಾಗ ಉಳಿದದ್ದಕ್ಕಿಂತ ಬಿಳಿಯಾಗಿ ಕಾಣುತ್ತಿತ್ತು. ಲಿಖಿತಾ ಆ ಬಿಳಿಯನ್ನು ನೋಡುತ್ತಿದ್ದಳು.

ಕಾರ್ತಿಕ ಕಳೆದ ಮೇಲೆ ಉತ್ತರದ ಊರೊಂದರಲ್ಲಿ ಆಯ್ಕೆಯ ಕ್ಯಾಂಪು. ಕೋಚ್ ಕರೆದೊಯ್ಯುವುದು ಒಬ್ಬಳನ್ನೇ. ಅವರು ಲಿಖಿತಾಳ ತಲೆ ಸವರಿ, "ಹೀಗೇ ಇರಮ್ಮ. ಒಂಚೂರೂ ಜಾಸ್ತಿ ಆಗ್ಬೇಡ. ಹಗುರ ಇದ್ದೋರು ಮಾತ್ರ ಹಾರೋದು" ಎಂದಿದ್ದರು. ವಿಮಲಾ ಮನೆಗೆ ಬಂದವಳೇ ಚಕ್ಕುಲಿಯ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. "ಕ್ಯಾಂಪ್ ಮುಗೀಲಿ ಕಂದಾ, ಆಮೇಲೆ ನಿಂಗೆ ಏನು ಬೇಕೋ ಅದು" ಎಂದಳು. ಅವಳು ಕೆಟ್ಟ ತಾಯಿಯಲ್ಲ. ಮಗಳು ಗಾಳಿಯಲ್ಲಿ ಹೊರಳಿದಾಗ ತನ್ನೊಳಗಿನ ಏನೋ ಒಂದು ಕೂಡ ನೆಲ ಬಿಡುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೀಗೇ ಇರುವುದು ಎಂದರೆ ಸುಲಭವಲ್ಲ. ಲಿಖಿತಾ ಅದನ್ನು ಒಂದು ವಿದ್ಯೆಯಂತೆ ಕಲಿತಳು. ಅನ್ನವನ್ನು ಕರಿಬೇವಿನ ಕೆಳಗೆ ಸರಿಸುವುದು. ದೋಸೆಯ ಅಂಚನ್ನು ಕಿಟಕಿಯ ಪಾರಿವಾಳಗಳಿಗೆ ಹಾಕುವುದು. ಹಾಲನ್ನು ಹಜಾರದ ಮನಿಪ್ಲಾಂಟಿನ ಕುಂಡಕ್ಕೆ ಸುರಿಯುವುದು. ಆ ವರ್ಷ ಮನಿಪ್ಲಾಂಟು ಎಲ್ಲಿಲ್ಲದ ಹಾಗೆ ಹಬ್ಬಿ, ಟಿ.ವಿ.ಯನ್ನೂ ದಾಟಿ ಗಡಿಯಾರಕ್ಕೆ ಕೈ ಚಾಚಿತು. "ನೋಡ್ರೀ, ನನ್ನ ಕೈಗುಣ" ಎಂದು ವಿಮಲಾ ಗಂಡ ಸಂಗಮೇಶನಿಗೆ ತೋರಿಸಿ ಹಿಗ್ಗಿದಳು.

ಹಸಿವು ಮೊದಮೊದಲು ಹೊಟ್ಟೆಯಲ್ಲಿತ್ತು. ಆಮೇಲೆ ಅದು ಕಿವಿಗೆ ಏರಿ, ದೂರದಲ್ಲಿ ಯಾರೋ ತಂಬೂರಿ ಮೀಟಿದ ಹಾಗೆ ಸಣ್ಣಗೆ ಮಿಡಿಯತೊಡಗಿತು. ಆ ನಾದದಲ್ಲಿ ಎಲ್ಲವೂ ತೆಳುವಾಗುತ್ತಿತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಮ್ಮನ ಕೈ ಹಿಡಿದು ನಡೆಯುವಾಗ, ಈ ಕೈಯೊಂದು ಬಿಟ್ಟರೆ ತಾನು ಮೆಲ್ಲಗೆ ಮೇಲಕ್ಕೆ ಏರಿಬಿಡುವೆನೆಂದು ಅವಳಿಗೆ ಅನ್ನಿಸುತ್ತಿತ್ತು: ಹೂವಿನ ಅಂಗಡಿಗಳ ಮೇಲೆ, ಕರಿಯ ನೀರಿನ ಟ್ಯಾಂಕುಗಳ ಮೇಲೆ, ಕನಕಪುರ ರಸ್ತೆಯಲ್ಲಿ ತೆವಳುವ ಮೆಟ್ರೋ ರೈಲಿನ ಮೇಲೆ. ಕೆಳಗಿನಿಂದ ಜನ ಅವಳನ್ನು ಗಾಳಿಪಟವೆಂದುಕೊಳ್ಳುತ್ತಿದ್ದರು. ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮಣಿಕಟ್ಟಿನ ನೋವು ಹೋಗುತ್ತಲೇ ಇರಲಿಲ್ಲ. ಅವನ್ನು ಅವಳು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಅಪ್ಪನ ತಾಯಿ, ಸಿದ್ದಗಂಗಮ್ಮನೆಂಬ ಅಜ್ಜಿ ಇದ್ದಳು. ಸಂಜೆ ದೀಪ ಹಚ್ಚುವ ಮುಂಚೆ ಅಜ್ಜಿ ತಾರಸಿಯ ಮೇಲೆ ಚಾಪೆ ಹಾಸಿ ಕಾಲು ಚಾಚಿ ಕೂರುವುದು, ಮೊಮ್ಮಗಳು ಅವಳ ತೊಡೆಯೇರಿ ಕಥೆ ಕೇಳುವುದು ಹಳೆಯ ವಾಡಿಕೆ. ಮುಂಚೆಯೆಲ್ಲ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜಿ, "ಏಳೇ ಏಳೇ, ಕಾಲು ಜೋಮು ಹಿಡೀತು. ಕಲ್ಲುಗುಂಡು ಕಣೇ ನೀನು" ಎಂದು ಅವಳನ್ನು ದಬ್ಬುತ್ತಿದ್ದಳು. ಈ ವರ್ಷ ಯಾವತ್ತೋ ಆ ಮಾತು ನಿಂತುಹೋಗಿತ್ತು. ನಿಂತದ್ದು ಅಜ್ಜಿಗೂ ಗೊತ್ತಾಗಲಿಲ್ಲ.

ಆ ಸಂಜೆ ಅಜ್ಜಿ ಹೇಳಿದ್ದು ಗಾಳಿಗೆ ನಿಶ್ಚಯವಾದ ಹುಡುಗಿಯ ಕಥೆ. ಗಾಳಿಯ ತಾಯಿ ಹೆಣ್ಣು ನೋಡಲು ಬಂದವಳು, ನಮ್ಮ ಮನೆಗೆ ನೆಲವಿಲ್ಲ, ಗೋಡೆಯಿಲ್ಲ, ಭಾರದವಳನ್ನು ಎಲ್ಲಿ ಕೂರಿಸಲಿ ಎಂದಳಂತೆ. ಹುಡುಗಿ ಕಾಲ್ಗೆಜ್ಜೆ ಬಿಚ್ಚಿಟ್ಟಳು. ಇನ್ನೂ ಭಾರ ಎಂದಳು ಅತ್ತೆ. ಹುಡುಗಿ ತನ್ನ ನಗುವನ್ನು ಬಿಚ್ಚಿ ಬಾವಿಕಟ್ಟೆಯ ಮೇಲಿಟ್ಟಳು. ಇನ್ನೂ ಭಾರ. ನೆರಳನ್ನು ಸುತ್ತಿ ಅಟ್ಟದಲ್ಲಿಟ್ಟಳು. ಹೂವಿನ ಮೇಲೆ ನಿಂತರೂ ಎಸಳು ಬಾಗದಷ್ಟು ಹಗುರಾದ ಮೇಲೆ ಅತ್ತೆ ಒಪ್ಪಿ, ಹುಣ್ಣಿಮೆಗೆ ಮಗನನ್ನು ಕಳಿಸುತ್ತೇನೆ ಎಂದು ಹೋದಳು. ಹುಡುಗಿ ಹೊಸ್ತಿಲ ಹೊರಗೆ ನಿಂತು ಕಾದಳು.

"ಬಂದನಾ ಅಜ್ಜಿ?"

ಅಜ್ಜಿ ಉತ್ತರ ಹೇಳುವಷ್ಟರಲ್ಲಿ ಲಿಖಿತಾ ನಿದ್ದೆ ಹೋಗಿದ್ದಳು. ಮರದಿಂದ ಆಕಾಶಮಲ್ಲಿಗೆಯ ಹೂವೊಂದು ಉದ್ದನೆಯ ತೊಟ್ಟಿನ ಮೇಲೆ ಗಿರಗಿರನೆ ಸುತ್ತುತ್ತಾ ಬಂದು ಅವಳ ಕೆನ್ನೆಯ ಮೇಲೆ ಕುಳಿತಿತು. ಕಥೆ ಅಲ್ಲಿಗೇ ಉಳಿಯಿತು.

ಇನ್ನು ಹರಕೆಯ ವಿಷಯ. ಲಿಖಿತಾ ತೊಟ್ಟಿಲ ಕೂಸಾಗಿದ್ದಾಗ ಜ್ವರ ಬಂದು ಇಳಿದುಹೋಗಿದ್ದಳು. ಎಷ್ಟು ಹಾಲು ಕುಡಿದರೂ ಮೈಗೆ ಹತ್ತುತ್ತಿರಲಿಲ್ಲ. ಆಗ ಸಿದ್ದಗಂಗಮ್ಮ ಚಿಕ್ಕಲಸಂದ್ರದ ಹಳೆಯ ಈಶ್ವರನ ಗುಡಿಯಲ್ಲಿ ಸೆರಗೊಡ್ಡಿ, ಈ ಕೂಸು ಉಳಿದು ಬೆಳೆದರೆ ಹನ್ನೆರಡು ತುಂಬುವ ತನಕ ಪ್ರತಿ ಕಾರ್ತಿಕದಲ್ಲೂ ಬೆಲ್ಲದ ತುಲಾಭಾರ ಮಾಡಿಸುತ್ತೇನೆ ಎಂದು ಹರಸಿಕೊಂಡಳು. ಆ ಮನೆತನದ ತುಲಾಭಾರಕ್ಕೆ ಅದರದೇ ಕ್ರಮವಿದೆ. ಹೋದ ವರ್ಷ ಮಗು ಎಷ್ಟು ತೂಗಿತೋ ಅಷ್ಟು ಬೆಲ್ಲವನ್ನು ದೇವರ ತಟ್ಟೆಯಲ್ಲಿ ಮೊದಲೇ ಜೋಡಿಸಿಡುತ್ತಾರೆ. ಮಗುವನ್ನು ಇನ್ನೊಂದು ತಟ್ಟೆಯಲ್ಲಿ ಕೂರಿಸಿದ ಕೂಡಲೆ ಆ ತಟ್ಟೆ ನೆಲಕ್ಕಿಳಿಯುತ್ತದೆ. ಆಗ ಬಂಧುಗಳು ಸಾಲಾಗಿ ಬಂದು, ತಲೆಗೊಂದು ಅಚ್ಚಿನಂತೆ, ತಕ್ಕಡಿ ಸಮವಾಗುವ ತನಕ ಬೆಲ್ಲ ಇಡುತ್ತಾರೆ. ಹೀಗೆ ಮೇಲಿಂದ ಇಟ್ಟದ್ದಕ್ಕೆ 'ಬೆಳೆದ ಬೆಲ್ಲ' ಎಂದು ಹೆಸರು. ಹೋದ ವರ್ಷದ ಭಾಗ ದೇವರಿಗೆ. ಬೆಳೆದ ಬೆಲ್ಲ ಬೀದಿಯ ಮಕ್ಕಳಿಗೆ. ದೇವರ ತಟ್ಟೆಗೆ ಒಮ್ಮೆ ಇಟ್ಟದ್ದನ್ನು ಹಿಂದೆಗೆಯುವಂತಿಲ್ಲ. ಹಿಂದೆಗೆಯಬೇಕಾದ ಪ್ರಸಂಗ ಯಾರಿಗೂ ಬಂದಿರಲಿಲ್ಲ, ಮಕ್ಕಳು ಬೆಳೆಯುತ್ತಾರೆ.

ಕಾರ್ತಿಕದ ಕಡೆಯ ಸೋಮವಾರ ಬಂದಿತು. ಕ್ಯಾಂಪಿಗೆ ಇನ್ನೊಂದು ವಾರ. ಹಸಿರು ರೇಷ್ಮೆಯ ಲಂಗ ಉಡಿಸಿ, ಕಾಲಿಗೆ ಬೆಳ್ಳಿಯ ಗೆಜ್ಜೆ ಹಾಕಿ, ಕೈತುಂಬ ಬಳೆ ತೊಡಿಸಿ ಲಿಖಿತಾಳನ್ನು ಗುಡಿಗೆ ಕರೆತಂದರು. ಸಂಗಮೇಶನ ಅಕ್ಕ ಶರಣಮ್ಮ ಮೊದಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ನವರಂಗದ ತೊಲೆಯಿಂದ ಇಳಿಬಿಟ್ಟ ತಕ್ಕಡಿಗೆ ಮಾವಿನೆಲೆ ಕಟ್ಟಿತ್ತು. ಅರ್ಚಕರಾದ ಪರಮಶಿವಯ್ಯನವರು ದೇವರ ತಟ್ಟೆಯಲ್ಲಿ ಬೆಲ್ಲದ ಅಚ್ಚುಗಳನ್ನು ಗೋಪುರದಂತೆ ಜೋಡಿಸಿದ್ದರು. ಗುಡಿಯೆಲ್ಲ ಆಲೆಮನೆಯ ಹಾಗೆ ಘಮಘಮಿಸುತ್ತಿತ್ತು.

ಆ ಘಮ ಲಿಖಿತಾಳ ಕಿವಿಯ ತಂಬೂರಿಯನ್ನು ಜೋರುಮಾಡಿತು. ಅವಳು ತಕ್ಕಡಿಯನ್ನು ನೋಡಿದಳು. ತಕ್ಕಡಿ ಎಂದರೆ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನಿಂದ ಅವಳು ನೀರನ್ನೂ ಮುಟ್ಟಿರಲಿಲ್ಲ. ದೊಡ್ಡವರು ಮಂಗಳಾರತಿಯ ಕಡೆ ತಿರುಗಿದ್ದಾಗ ಗೆಜ್ಜೆಗಳನ್ನು ಬಿಚ್ಚಿ, ಬಳೆಗಳನ್ನು ಜಾರಿಸಿ, ಹೂವಿನ ಬುಟ್ಟಿಯಲ್ಲಿ ಸೇವಂತಿಗೆಯ ಕೆಳಗೆ ಹುದುಗಿಸಿಟ್ಟಳು. ಆಮೇಲೆ ಅಜ್ಜಿಯ ಕಿವಿಯಲ್ಲಿ ಕೇಳಿದಳು: "ದೇವರೂ ಸ್ಟಾರ್ ಕೊಡ್ತಾನಾ ಅಜ್ಜಿ?"

"ಎಂಥಾ ಸ್ಟಾರೇ? ಕೂತ್ಕೋ ಹೋಗು, ಐನೋರು ಕಾಯ್ತಿದಾರೆ."

ಪರಮಶಿವಯ್ಯನವರು ಅವಳನ್ನೆತ್ತಿ ತಟ್ಟೆಯಲ್ಲಿ ಕೂರಿಸಿ ಕೈಬಿಟ್ಟರು.

ತಟ್ಟೆ ಇಳಿಯಲಿಲ್ಲ. ಸರಪಳಿ ಒಮ್ಮೆ ಕಿರ್ರೆಂದಿತು. ದೇವರ ತಟ್ಟೆ ನೆಲದಲ್ಲೇ ಕೂತಿತ್ತು; ಲಿಖಿತಾ ಮೇಲೆ, ಮಾವಿನೆಲೆಗಳ ನಡುವೆ, ತೊಟ್ಟಿಲಿನಲ್ಲಿದ್ದಂತೆ ತೂಗಾಡಿದಳು. ಅಂಥ ಹಗುರವನ್ನು ಅವಳು ಕನಸಿನಲ್ಲಿ ಮಾತ್ರ ಕಂಡಿದ್ದಳು. ದೀಪಗಳು ಕೆಳಗೆ, ತಲೆಗಳು ಕೆಳಗೆ, ಬೆಲ್ಲದ ಗೋಪುರವೂ ಕೆಳಗೆ. ಗೆದ್ದೆ ಎಂದುಕೊಂಡಳು. ಎರಡೂ ಕೈಗಳನ್ನು ಮೇಲೆತ್ತಿ, ಬೀಮಿನಿಂದ ಇಳಿದವರು ತೀರ್ಪುಗಾರರಿಗೆ ನಗುವಂತೆ ಎಲ್ಲರನ್ನೂ ನೋಡಿ ನಕ್ಕಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂಧುಗಳು ಕೈಯಲ್ಲಿ ಒಂದೊಂದು ಅಚ್ಚು ಬೆಲ್ಲ ಹಿಡಿದು ಸಾಲಿನಲ್ಲಿ ನಿಂತೇ ಇದ್ದರು.

"ತಕ್ಕಡಿ ಕೆಟ್ಟಿರ್ಬೇಕು ಐನೋರೇ" ಎಂದ ಸಂಗಮೇಶ.

"ನಿನ್ನೆ ತಾನೆ ಎಣ್ಣೆ ಬಿಟ್ಟಿದೀನಿ ಸ್ವಾಮಿ. ಕೆಟ್ಟಿಲ್ಲ."

ಶರಣಮ್ಮ ನಗುವ ಪ್ರಯತ್ನ ಮಾಡಿದಳು. "ಏನೇ ಪುಟ್ಟಿ ಇದು? ಈ ವಿದ್ಯೆ ನಂಗೂ ಒಸಿ ಹೇಳ್ಕೊಡೇ, ನನ್ನ ಬ್ಲೌಸ್ ಒಂದೂ ಹಿಡೀತಿಲ್ಲ." ಆ ಮಾತು ಗೋಡೆಗೆ ತಾಗಿ ಅಲ್ಲೇ ಬಿದ್ದುಹೋಯಿತು.

"ಮೇಲಿಂದ ಎರಡು ಅಚ್ಚು ತೆಗೀರಿ, ಸರಿಹೋಗುತ್ತೆ" ಎಂದು ಸಾಲಿನಲ್ಲಿ ಯಾರೋ ಅಂದರು.

"ಕೈ ಇಡ್ಬೇಡಿ" ಎಂದಳು ಸಿದ್ದಗಂಗಮ್ಮ. ಅವಳ ಕಣ್ಣು ಮೊಮ್ಮಗಳ ಬರಿಗಾಲಿನ ಮೇಲಿತ್ತು. ಅವಳು ತನ್ನ ತೊಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ವಿಮಲಾಳಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಕೊರಳ ಸರವನ್ನೋ, ಕೈಚೀಲವನ್ನೋ ಮಗಳ ತಟ್ಟೆಗೆ ಹಾಕಿ ಹೇಗಾದರೂ ಇಳಿಸಿಬಿಡೋಣವೆಂದು ಅವಳು ಮುಂದೆ ಬಂದಳು. ಹಿಡಿ ಹೂವಾದರೂ ಇರಲೆಂದು ಬುಟ್ಟಿಗೆ ಕೈ ಹಾಕಿದಾಗ ಗೆಜ್ಜೆ ಸಿಕ್ಕಿತು. ಹೂವಿನೊಳಗಿಂದ ಅದು ಘಲ್ಲೆಂದಿತು.

"ಇದ್ಯಾಕೆ ಇಲ್ಲಿದೆ?"

"ನಾನೇ ತೆಗೆದಿಟ್ಟೆ ಅಮ್ಮ. ಭಾರ ಆಗುತ್ತಲ್ಲ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ" ಎಂದಳು ಲಿಖಿತಾ ಮೇಲಿನಿಂದ. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಹೋದ ವರ್ಷಕ್ಕಿಂತಲೂ ಕಮ್ಮಿ ಆಗಿದೀನಿ ನೋಡು. ಸರ್‌ಗೆ ಹೇಳು."

ವಿಮಲಾ ಹೇಳಿದಳು. ಪ್ರಾಕಾರದ ಬಿಲ್ವದ ಗಿಡದ ಬಳಿ ನಿಂತು, ಗೆಜ್ಜೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಫೋನು ಮಾಡಿ ಹೇಳಿದಳು. "ಸಾರ್, ಲಿಖಿತಾ ಹೋದ ವರ್ಷಕ್ಕಿಂತ ಕಮ್ಮಿ ಇದಾಳೆ."

"ವೆರಿ ಗುಡ್ ಮೇಡಂ! ಅದೇ ತಾನೆ ನಮಗೆ ಬೇಕಾಗಿದ್ದು. ಇನ್ನೊಂದು ವಾರ ಹೀಗೇ ಮೇಂಟೇನ್ ಮಾಡಿ."

"ಅವಳಿಗೆ ಹತ್ತು ವರ್ಷ ಸಾರ್."

"ಅದೇ ಕರೆಕ್ಟ್ ಏಜು. ಆಮೇಲೆ ಬೆಳೆದುಬಿಡ್ತಾರೆ."

ಈ ಮಾತನ್ನು ವಿಮಲಾ ಎಷ್ಟೋ ಸಲ ಕೇಳಿ ತಲೆಯಾಡಿಸಿದ್ದಳು. ಈಗ ನವರಂಗದ ಬಾಗಿಲ ಮೂಲಕ ಅವಳಿಗೆ ಮಗಳು ಕಾಣುತ್ತಿದ್ದಳು: ಕೈಗಳನ್ನು ಇನ್ನೂ ಇಳಿಸಿರಲಿಲ್ಲ, ತುಟಿ ಒಣಗಿತ್ತು, ಯಾರಾದರೂ ಭೇಷ್ ಅನ್ನುವರೆಂದು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದಳು.

"ಅವಳು ಕ್ಯಾಂಪಿಗೆ ಬರಲ್ಲ ಸಾರ್" ಎಂದಳು ವಿಮಲಾ. ಆ ಕಡೆಯಿಂದ ಏನೇನೋ ಮಾತು ಬಂದಿತು: ಇಷ್ಟು ವರ್ಷದ ಶ್ರಮ, ಇಂಥ ಮಗು ಮತ್ತೆ ಸಿಗುವುದಿಲ್ಲ, ಯೋಚನೆ ಮಾಡಿ. "ಸಿಗಲ್ಲ ಅಂತಾನೇ ಸಾರ್" ಎಂದು ಅವಳು ಫೋನಿಟ್ಟಳು.

ಒಳಗೆ ಪರಮಶಿವಯ್ಯನವರು ಮಗುವನ್ನು ಇಳಿಸಿದ್ದರು. "ಈಗೇನು ಮಾಡೋದು ಸಿದ್ದಗಂಗಮ್ಮನೋರೆ? ಹರಕೆ ಅರ್ಧಕ್ಕೆ ನಿಂತು ಹೋಯ್ತಲ್ಲ."

"ನಿಂತಿರ್ಲಿ. ಬೆಲ್ಲ ಅಲ್ಲೇ ಇರ್ಲಿ. ಅವಳು ಅಷ್ಟಕ್ಕೆ ಬಂದ ದಿನ ಕರ್ಕೊಂಡು ಬರ್ತೀವಿ."

"ಇರುವೆ ಮುತ್ಕೊಳ್ತವೆ ತಾಯಿ."

"ಮುತ್ಲಿ ಬಿಡಿ ಐನೋರೇ. ಅವಾದ್ರೂ ತಿಂದು ಬೆಳೀಲಿ."

ಸಾಲಿನಲ್ಲಿ ನಿಂತವರ ಕೈಯ ಬೆಲ್ಲ ಬೆವರಿಗೆ ಅಂಟಾಗಿತ್ತು. ಅಜ್ಜಿ ಅದರಲ್ಲಿ ಒಂದು ಅಚ್ಚನ್ನು ಈಡುಗಾಯಿಯ ಕಲ್ಲಿಗೆ ಕುಟ್ಟಿ, ಕೊಬ್ಬರಿಯ ಚೂರಿನ ಜೊತೆ ಮೊಮ್ಮಗಳ ಬಾಯಿಗೆ ಇಟ್ಟಳು. ಲಿಖಿತಾ ಅದನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು ನುಂಗದೆ ಅಮ್ಮನನ್ನು ನೋಡಿದಳು.

"ನಾಳೆ ಗೊತ್ತಾಗಿಬಿಡುತ್ತೆ ಅಮ್ಮ."

"ನಾಳೆ ತೂಕ ಇಲ್ಲ."

"ನಾಡಿದ್ದು?"

"ನಾಡಿದ್ದೂ ಇಲ್ಲ ಕಂದಾ."

"ಮತ್ತೆ ನನ್ನ ಸ್ಟಾರು?"

ವಿಮಲಾ ಕೆಳಗೆ ಕೂತು ಮಗಳ ಕಾಲಿಗೆ ಗೆಜ್ಜೆ ಕಟ್ಟತೊಡಗಿದಳು. ಕೊಂಡಿ ಬಹಳ ಹೊತ್ತು ಸಿಕ್ಕಲಿಲ್ಲ. ಲಿಖಿತಾ ಬಿಕ್ಕಿ ಬಿಕ್ಕಿ ಅತ್ತಳು. ಅಳುವ ಭರದಲ್ಲಿ ಬೆಲ್ಲ ಕರಗಿ ಗಂಟಲಿಗಿಳಿಯಿತು.

ಅವಳು ತಾಯಿಯನ್ನು ಬೇಗ ಕ್ಷಮಿಸಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ಕ್ಯಾಂಪಿನ ದಿನಗಳು ಕಳೆಯುವ ತನಕ ವಿಮಲಾಳ ಜೊತೆ ಅವಳು ಮಾತಾಡಲಿಲ್ಲ. ಜಯನಗರದ ಕ್ಲಿನಿಕ್ಕಿನ ಡಾಕ್ಟರಮ್ಮ ಮಣಿಕಟ್ಟನ್ನು ಒತ್ತಿ ನೋಡಿ, ಎಲುಬು ಬೆಳೆಯುವ ವಯಸ್ಸಿನಲ್ಲಿ ಅದಕ್ಕೆ ಊಟವೂ ಬೇಕು, ವಿಶ್ರಾಂತಿಯೂ ಬೇಕು ಎಂದಾಗ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಮನೆಯಲ್ಲಿ ವಿಮಲಾ ಅಟ್ಟದ ಡಬ್ಬಿಯನ್ನು ಇಳಿಸಿ ಮೇಜಿನ ಮೇಲಿಟ್ಟು, ತಿನ್ನು ಎಂದು ಒಂದು ಮಾತೂ ಅನ್ನದೆ ಅಡುಗೆಮನೆಗೆ ಹೋಗುತ್ತಿದ್ದಳು. ಕೆಲವು ದಿನ ಡಬ್ಬಿ ಹಾಗೇ ಇರುತ್ತಿತ್ತು. ಕೆಲವು ದಿನ ಒಂದು ಚಕ್ಕುಲಿ ಕಡಿಮೆ. ಮನಿಪ್ಲಾಂಟು ಮೆಲ್ಲಮೆಲ್ಲನೆ ಸೊರಗಿತು. ಸೊರಗಿದ್ದರ ಕಾರಣ ತಿಳಿದ ದಿನ ವಿಮಲಾ ಅದರ ಮುಂದೆ ನಿಂತು ಅತ್ತಳು.

ಒಂದು ಸಂಜೆ ಲಿಖಿತಾ ತಾನಾಗಿಯೇ ತಾರಸಿಗೆ ಬಂದು ಅಜ್ಜಿಯ ತೊಡೆಯೇರಿದಳು.

"ಗಾಳಿ ಬಂದನಾ ಅಜ್ಜಿ?"

ಬಂದನಂತೆ. ಹುಣ್ಣಿಮೆಯ ದಿನ ಮರಗಳನ್ನೆಲ್ಲ ಅಲ್ಲಾಡಿಸುತ್ತಾ, ಒಣಗಿಹಾಕಿದ ಸೀರೆಗಳನ್ನು ಉಬ್ಬಿಸುತ್ತಾ, ನನ್ನ ಹೆಣ್ಣೆಲ್ಲಿ ನನ್ನ ಹೆಣ್ಣೆಲ್ಲಿ ಎಂದು ಬೀದಿಯುದ್ದಕ್ಕೂ ಹುಡುಕಿದನಂತೆ. ಗಾಳಿಗೆ ಕಣ್ಣಿಲ್ಲ, ಎದುರು ನಿಂತು ತಡೆದದ್ದು ಮಾತ್ರ ಅವನಿಗೆ ಗೊತ್ತಾಗುವುದು. ಹುಡುಗಿಯಲ್ಲಿ ತಡೆಯಲು ಏನೂ ಉಳಿದಿರಲಿಲ್ಲ. ಅವನು ಅವಳ ಮೂಲಕವೇ ಹಾದು ಆಚೆಗೆ ಹೋದ.

"ಆಮೇಲೆ?"

"ಆಮೇಲೆ ಅವಳು ಬಾವಿಕಟ್ಟೆಗೆ ಹೋಗಿ ನಗು ಎತ್ಕೊಂಡ್ಲು. ಅಟ್ಟ ಹತ್ತಿ ನೆರಳು ಇಳಿಸ್ಕೊಂಡ್ಲು."

"ಗಾಳಿ ವಾಪಸ್ ಬಂದನಾ?"

"ದಿನಾ ಬರ್ತಾನೆ. ಇವಳು ಎದುರು ನಿಂತ್ಕೋತಾಳೆ, ಅವನು ತಲೆಗೂದ್ಲು ಕೆದರಿಸ್ತಾನೆ. ಕರ್ಕೊಂಡು ಹೋಗಕ್ಕೆ ಮಾತ್ರ ಆಗಲ್ಲ."

ಗುಡಿಯಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿತು. ಪರಮಶಿವಯ್ಯನವರು ಹೊಸ ವಸ್ತ್ರ ಹೊದಿಸಿದರು. ಇರುವೆಗಳು ಸರಪಳಿಯ ಮೂಲಕ ಇಳಿದು ಬಂದವು. ಮರುವರ್ಷದ ಮಾವು ಚಿಗುರುವ ಹೊತ್ತಿಗೆ ಲಿಖಿತಾಳನ್ನು ಮತ್ತೆ ಆ ತಟ್ಟೆಯಲ್ಲಿ ಕೂರಿಸಿದರು. ಗೆಜ್ಜೆಯೂ ಇತ್ತು, ಬಳೆಯೂ ಇತ್ತು, ಬೆಳಗಿನ ಉಪ್ಪಿಟ್ಟೂ ಇತ್ತು. ತಟ್ಟೆ ತುಸು ಅಲ್ಲಾಡಿ, ಯೋಚಿಸಿ, ಬೆಲ್ಲದ ಸಮಕ್ಕೆ ಬಂದು ನಿಂತಿತು. ಇಲ್ಲಿ ಕಥೆ ಹೇಳುವವರಲ್ಲಿ ಎರಡು ಬಗೆಯಿದೆ. ಹುಡುಗಿ ಬೆಳೆದಳು ಎಂದು ಬನಶಂಕರಿಯವರು ಹೇಳುತ್ತಾರೆ. ಇರುವೆಗಳು ಅಷ್ಟು ಹೊತ್ತಿಗೆ ಬೇಕಾದಷ್ಟು ಹೊತ್ತುಕೊಂಡು ಹೋಗಿದ್ದವು ಎಂದು ಗುಡಿಯ ಪಕ್ಕದವರು. ಎರಡೂ ನಿಜವಿದ್ದೀತು. ಶರಣಮ್ಮ ಮಾತ್ರ ತಡೆಯಲಾರದೆ ತನ್ನ ಕೈಯ ಅಚ್ಚನ್ನು ದೇವರ ತಟ್ಟೆಗೆ ಇಟ್ಟೇಬಿಟ್ಟಳು. ಆ ವರ್ಷದ ಬೆಳೆದ ಬೆಲ್ಲ ಅದೊಂದೇ; ಬೀದಿಯ ಮಕ್ಕಳಿಗೆ ಬೆರಳ ತುದಿಯಷ್ಟು ಬಂದಿತು.

ಲಿಖಿತಾ ಮತ್ತೆ ಬೀಮು ಹತ್ತಿದಳೋ ಇಲ್ಲವೋ ಎಂಬುದನ್ನು ಬೀದಿಯವರು ಹೇಳುವುದಿಲ್ಲ. ಮೈತ್ರೇಯಿಯನ್ನು ಕರೆತಂದು, ಇಬ್ಬರೂ ತಾರಸಿಯ ಮೇಲೆ ಕೈಯೂರಿ ಚಕ್ರ ಹೊಡೆಯುವುದನ್ನು ಎದುರುಮನೆಯವರು ಕಂಡಿದ್ದಾರೆ. ಹಾಗೆ ಹೊರಳಿ ಹೊರಳಿ ದಣಿದ ಒಂದು ಸಂಜೆ ಅವಳು ಬಂದು ಅಜ್ಜಿಯ ತೊಡೆಯ ಮೇಲೆ ಧೊಪ್ಪನೆ ಬಿದ್ದಳು. ಆಕಾಶಮಲ್ಲಿಗೆ ಉದುರುತ್ತಿತ್ತು. ಅಜ್ಜಿ ಹೊಸದೊಂದು ಕಥೆ ಶುರುಮಾಡಿ, ಅರ್ಧಕ್ಕೆ ಬಂದವಳು ತಟ್ಟನೆ ನಿಲ್ಲಿಸಿದಳು.

"ಏಳೇ, ಕಾಲು ಜೋಮು ಹಿಡೀತು."

ಲಿಖಿತಾ ಬೆಚ್ಚಿ ಏಳಲು ಹೋದಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಏಳದೆ, ಇನ್ನೂ ಸ್ವಲ್ಪ ಭಾರ ಬಿಟ್ಟು ಕೂತಳು.